ಲಗ್ನಪತ್ರಿಕೆಗೆ ಮೌಸ್ ಮುಟ್ಟದ ಮದುಮಗಳು

ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲ ವ್ಯಕ್ತಿ ನಾನು. ಆದಕಾರಣ ನನ್ನ ಮದುವೆಯ ಲಗ್ನಪತ್ರಿಕೆಯ ಕರಡನ್ನು ಸಿದ್ಧಪಡಿಸುವ ಹೊಣೆಯನ್ನು ಬೇರೆಯವರಿಗೆ ವಹಿಸುವುದು ನನ್ನ ವಿದ್ಯೆಗೆ ಮಾಡುವ ಅಪಚಾರವೆಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ. ಒಂದೇ ಪುಟದ ಬರಹ. ದಿನವಿಡೀ ಸಾವಿರಾರು ಸಾಲುಗಳ ಪ್ರೋಗ್ರಾಂ ತಿದ್ದುವವಳಿಗೆ ಇದೂ ಒಂದು ಕೆಲಸವೇ?

ಹಾಗೆ ಕೇಳಿಕೊಳ್ಳಬಾರದಿತ್ತು!

ಮುಂದುವರಿಯುವ ಮೊದಲು ನನ್ನ ಎಡಿಟರ್ ಬಗ್ಗೆ ಎರಡು ಮಾತು ಹೇಳುವುದು ಅವಶ್ಯ. ಪ್ರೋಗ್ರಾಂ ಬರೆಯಲು ಮತ್ತು ತಿದ್ದಲು ನಾವು ಬಳಸುವ ಸಾಧನಕ್ಕೆ ಎಡಿಟರ್ ಎನ್ನುತ್ತಾರೆ. ಇದನ್ನು ಬಳಸುವವರಲ್ಲಿ ಎರಡು ಪಂಗಡಗಳಿವೆ. ಮೌಸ್ ಹಿಡಿದು, ಬಣ್ಣಬಣ್ಣದ ಗುಂಡಿಗಳನ್ನು ಒತ್ತುತ್ತ, ಹಾಯಾಗಿ ಕಾಲ ಕಳೆಯುವವರದು ಒಂದು. ಇನ್ನೊಂದು ನಮ್ಮದು. ನಮ್ಮ ಎಡಿಟರ್‌ನಲ್ಲಿ ಗುಂಡಿಗಳಿಲ್ಲ, ಚಿತ್ರಗಳಿಲ್ಲ, ಮೌಸ್‌ಗೆ ಮರ್ಯಾದೆಯಿಲ್ಲ. ಕಪ್ಪು ಪರದೆ, ಅದರ ಮೇಲೆ ಮಿಣುಕುವ ಒಂದು ಚೌಕ. ಅಷ್ಟೇ. ಬರೆಯುವುದಕ್ಕೆ ಒಂದು ಸ್ಥಿತಿ, ಆಜ್ಞೆ ಕೊಡುವುದಕ್ಕೆ ಇನ್ನೊಂದು ಸ್ಥಿತಿ. ಬರೆಯುವ ಸ್ಥಿತಿಯಿಂದ ಆಜ್ಞೆಯ ಸ್ಥಿತಿಗೆ ಬರಲು ಕೀಬೋರ್ಡಿನ ಎಡ ಮೇಲ್ಮೂಲೆಯಲ್ಲಿರುವ ಎಸ್ಕೇಪ್ ಕೀಲಿಯನ್ನು ಒತ್ತಬೇಕು. ಒಮ್ಮೆ ಆಜ್ಞೆಯ ಸ್ಥಿತಿಗೆ ಬಂದರೆ ಒಂದೊಂದು ಅಕ್ಷರವೂ ಒಂದೊಂದು ಅಸ್ತ್ರ! ಒಂದು ಸಾಲನ್ನು ತಿದ್ದಲು ಹಿಡಿಯುವ ಹೊತ್ತಿನಲ್ಲೇ ಸಾವಿರ ಸಾಲುಗಳನ್ನೂ ತಿದ್ದಬಹುದು.

ಸಾವಿರ ಸಾಲುಗಳನ್ನು ಕೆಡಿಸುವುದಕ್ಕೂ ಅಷ್ಟೇ ಹೊತ್ತು ಸಾಕೆಂಬುದನ್ನು ಕಲಿಸಿದವರು ಹೇಳಿರಲಿಲ್ಲ.

'ಅದು ಕಷ್ಟವಲ್ಲವೇ?' ಎಂದು ಯಾರಾದರೂ ಕೇಳಿದರೆ ನನಗೆ ಸಿಟ್ಟು ಬರುತ್ತದೆ. ನನ್ನ ತಂದೆ ಬನಶಂಕರಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾರೆ. ಕಾಲೇಜಿನ ಮೊದಲ ವರ್ಷ ಮೇಷ್ಟರು ಇಂಗ್ಲಿಷಿನಲ್ಲಿ ಹೇಳಿದ ಹಾಸ್ಯಕ್ಕೆ ಎಲ್ಲರೂ ನಕ್ಕ ಮೇಲೆ, ಪಕ್ಕದವಳ ಮುಖ ನೋಡಿ ನಗುತ್ತಿದ್ದವಳು ನಾನು. ನನಗೆ ಯಾವುದೂ ಸುಲಭದ ದಾರಿಯಲ್ಲಿ ಬಂದಿಲ್ಲ. ಇಷ್ಟು ಕಷ್ಟಪಟ್ಟು ಕಲಿತದ್ದನ್ನು, ಈಗ ಸುಲಭವಾದದ್ದು ಬಂದಿದೆ ಎಂಬ ಒಂದೇ ಕಾರಣಕ್ಕೆ ಬಿಟ್ಟುಕೊಡಬೇಕೇ? ಸಾಧ್ಯವಿಲ್ಲ.

ನನ್ನನ್ನು ವರಿಸಲಿದ್ದ ಪ್ರಮೋದ್ ಅವರದೂ ಇದೇ ಉದ್ಯೋಗ. ಬಿ.ಟಿ.ಎಂ. ಲೇಔಟಿನವರು, ಸಜ್ಜನರು, ಕಾಫಿಗೆ ಸಕ್ಕರೆ ಹಾಕಿಕೊಳ್ಳದವರು. ಆದರೆ ಮೌಸ್ ಪಂಗಡದವರು! ಜಾತಕ ನೋಡಿದ ಜೋಯಿಸರು ಇದೊಂದನ್ನು ಹೇಳಿರಲಿಲ್ಲ.

ಆ ಭಾನುವಾರ ಪ್ರಮೋದ್ ತಮ್ಮ ತಂದೆತಾಯಿಯರೊಂದಿಗೆ ನಮ್ಮ ಮನೆಗೆ ಬಂದಿದ್ದರು. ಎರಡೂ ಕಡೆಯ ಒಂದಷ್ಟು ಬಂಧುಗಳೂ ನಡುಮನೆಯಲ್ಲಿ ಸೇರಿದ್ದರು. ಲಗ್ನಪತ್ರಿಕೆಯ ಬರಹವನ್ನು ಎಲ್ಲರೂ ನೋಡಿ ಒಪ್ಪಿ, ಸಂಜೆಯೊಳಗೆ ಜಯನಗರದ ಪ್ರೆಸ್ಸಿಗೆ ಕಳಿಸಬೇಕಿತ್ತು. ತಪ್ಪಿದರೆ ಮುಹೂರ್ತಗಳ ನೂಕುನುಗ್ಗಲಿನಲ್ಲಿ ನಮ್ಮ ಪತ್ರಿಕೆ ಹಿಂದಕ್ಕೆ ಬೀಳುತ್ತಿತ್ತು.

ಪತ್ರಿಕೆಯಲ್ಲಿ ಮುಖ್ಯವಾದದ್ದು ಮುಹೂರ್ತದ ವೇಳೆಯೆಂದು ತಿಳಿದಿರುವವರು ಇನ್ನೂ ಮದುವೆ ಮಾಡಿಸಿಲ್ಲವೆಂದೇ ಅರ್ಥ. ಮುಖ್ಯವಾದದ್ದು ಕೆಳಗಡೆ ಬರುವ 'ಸುಖಾಗಮನ ಬಯಸುವವರು'. ಅಲ್ಲಿ ಯಾರ ಹೆಸರು ಮೊದಲು, ಯಾರದು ಆಮೇಲೆ ಎಂಬುದರ ಮೇಲೆ ಸಂಬಂಧಗಳು ನಿಂತಿರುತ್ತವೆ. ಅಮ್ಮ ನನಗೆ ಹೇಳಿದ್ದು ಒಂದೇ ಮಾತು.

"ನೋಡು ಸಹನಾ, ಅಣ್ಣನ ಹೆಸರು ಮೊದಲು ಇರ್ಬೇಕು. ಮಿಕ್ಕಿದ್ದು ಏನಾದ್ರೂ ಮಾಡ್ಕೋ."

ಅಮ್ಮನ ಅಣ್ಣ, ಅಂದರೆ ನನ್ನ ಸೋದರಮಾವ ಶಿವಲಿಂಗಪ್ಪನವರು, ಮಡಿವಾಳದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದಾರೆ. ನನ್ನನ್ನು ಕಾಲೇಜಿಗೆ ಸೇರಿಸುವ ದಿನ, ಅಂಗಡಿಯ ಬಾಗಿಲು ಹಾಕಿ, ನನ್ನ ಜೊತೆ ಸಾಲಿನಲ್ಲಿ ನಿಂತವರು ಅವರು. ಮದುವೆಯ ದಿನ ನನ್ನನ್ನು ಕೈಹಿಡಿದು ಮಂಟಪಕ್ಕೆ ಕರೆದೊಯ್ಯಬೇಕಾದವರೂ ಅವರೇ. ಚಿನ್ನದಂಥ ಮನುಷ್ಯ, ಆದರೆ ಬಹಳ ಬೇಗ ನೊಂದುಕೊಳ್ಳುತ್ತಾರೆ. ಯಾರದೋ ಪತ್ರಿಕೆಯಲ್ಲಿ ತಮ್ಮ ಹೆಸರು ಮೂಲೆಗೆ ಬಿತ್ತೆಂದು ಆ ಮದುವೆಯಲ್ಲಿ ಎಲೆಯ ಮುಂದಿನಿಂದ ಎದ್ದುಬಂದವರು! ಅವರು ಮುನಿಸಿಕೊಂಡರೆ ನಾನು ಮಂಟಪಕ್ಕೆ ಹೋಗುವುದು ಯಾರ ಕೈ ಹಿಡಿದು?

ಇಷ್ಟೆಲ್ಲ ತಿಳಿದಿದ್ದೂ ನಾನೇನು ಮಾಡಿದ್ದೆ? ನ್ಯಾಯವಾಗಿರಲಿ ಎಂದು ಎಲ್ಲ ಹೆಸರುಗಳನ್ನೂ ಅಕಾರಾದಿಯಾಗಿ ಜೋಡಿಸಿದ್ದೆ. ನನ್ನ ಎಡಿಟರ್‌ನಲ್ಲಿ ಅದಕ್ಕೆ ಒಂದೇ ಆಜ್ಞೆ ಸಾಕು. ಒಂದೇ ಆಜ್ಞೆಯಲ್ಲಿ ಆಗುವ ಕೆಲಸವನ್ನು ಮಾಡದೆ ಇರುವುದು ನನ್ನಂಥವರಿಗೆ ಬಹಳ ಕಷ್ಟ. ಅದು ಬೇಕೋ ಬೇಡವೋ ಎಂಬುದು ಆಮೇಲಿನ ಪ್ರಶ್ನೆ.

ಲ್ಯಾಪ್‌ಟಾಪಿನ ಹಿಂದೆ ಜನ ಮುಗಿಬಿದ್ದುದರಿಂದ ಪ್ರಮೋದ್ ಒಂದು ವೈರ್ ಹಾಕಿ ಅದನ್ನು ನಮ್ಮ ದೊಡ್ಡ ಟಿ.ವಿ.ಗೆ ಜೋಡಿಸಿದರು. ಇನ್ನು ನಾನು ಮಾಡುವುದೆಲ್ಲವೂ ಬಹಿರಂಗ.

ಟಿ.ವಿ.ಯ ತುಂಬ ಕಪ್ಪು ಆವರಿಸಿತು.

"ಇದೇನಮ್ಮ!" ಎಂದರು ಪ್ರಮೋದ್ ಅವರ ತಾಯಿ. ಅವರನ್ನು ನಾನಿನ್ನೂ ಆಂಟಿ ಎನ್ನುತ್ತಿದ್ದೆ. ಅತ್ತೆ ಎನ್ನಲು ಪತ್ರಿಕೆಯೇ ಅಚ್ಚಾಗಿರಲಿಲ್ಲವಲ್ಲ. "ಶುಭಕಾರ್ಯದ ಮೊದಲನೇ ಅಕ್ಷರ ಕಪ್ಪಿನ ಮೇಲೆ ಬರೀತಾರಾ?"

"ಕಣ್ಣಿಗೆ ಒಳ್ಳೇದು ಆಂಟಿ."

"ಕಣ್ಣಿಗೆ ಒಳ್ಳೇದು, ಮದುವೆಗೆ ಅಲ್ಲ."

ಬಿಳಿಯ ಪರದೆ ತರುವ ಆಜ್ಞೆ ನನಗೆ ನೆನಪಿರಲಿಲ್ಲ. ಮೊದಲು ನೀಲಿ ಬಂತು. ಆಮೇಲೆ ಬೂದು ಬಂತು. ಬೂದು ಬಂದಾಗ ಒಂದಿಬ್ಬರು ಹಿರಿಯರು ಮುಖ ತಿರುಗಿಸಿದರು. ಕೊನೆಗೂ ಬಿಳಿ ಬಂದಾಗ ಅಮ್ಮನ ಮುಖ ಅರಳಿತು. ಒಳಗೆ ಹೋಗಿ ಅರಿಶಿನದ ಬಟ್ಟಲು ತಂದು, ಪತ್ರಿಕೆಯ ನಾಲ್ಕು ಮೂಲೆಗೆ ಹಚ್ಚುವಂತೆಯೇ, ಲ್ಯಾಪ್‌ಟಾಪಿನ ಕೀಬೋರ್ಡಿನ ನಾಲ್ಕು ಮೂಲೆಗೂ ಕಲಸಿದ ಅರಿಶಿನವನ್ನು ಧಾರಾಳವಾಗಿ ಹಚ್ಚಿದರು.

ಎಡ ಮೇಲ್ಮೂಲೆಯಲ್ಲಿ ಏನಿದೆಯೆಂದು ಆಗಲೇ ನಿವೇದಿಸಿದ್ದೇನೆ!

ಮೊದಲ ತಿದ್ದುಪಡಿ ಆಂಟಿಯವರಿಂದಲೇ ಬಂತು. "ಬಯಸುವವರ ಹೆಸರಿಗೆಲ್ಲ ಮೊದಲು 'ಶ್ರೀಮತಿ ಮತ್ತು ಶ್ರೀ' ಅಂತ ಸೇರಿಸಮ್ಮ. ಬರೀ ಹೆಸರಿದ್ರೆ ವೋಟರ್ ಲಿಸ್ಟ್ ಥರ ಕಾಣುತ್ತೆ."

ಪ್ರಮೋದ್ ನನ್ನ ಕಡೆ ಬಗ್ಗಿ ಮೆಲ್ಲನೆ, "ನಾನು ನನ್ನ ಎಡಿಟರ್‌ನಲ್ಲಿ ಮಾಡ್ಲಾ? ಬೇಕಾದ ಸಾಲುಗಳನ್ನ ಮೌಸ್‌ನಲ್ಲಿ ಆರಿಸ್ಕೊಂಡ್ರೆ ಆಯ್ತು," ಎಂದರು.

"ಅಷ್ಟು ನಿಧಾನಕ್ಕೆ ಮಾಡೋಕೆ ನಮಗೆ ಟೈಮ್ ಎಲ್ಲಿದೆ?" ಎಂದೆ. ಎಲ್ಲರ ಎದುರಿಗೆ ನಾನು ಅವರನ್ನು 'ನೀವು' ಎಂದು ಕರೆಯುತ್ತೇನೆ, ಇಬ್ಬರೇ ಇದ್ದಾಗ 'ನೀನು'. ಧಿಕ್ಕಾರ ಮಾತ್ರ ಎರಡರಲ್ಲೂ ಒಂದೇ.

ಆಜ್ಞೆ ಬರೆದೆ. ಪ್ರತಿಯೊಂದು ಸಾಲಿನ ಮೊದಲಿಗೂ 'ಶ್ರೀಮತಿ ಮತ್ತು ಶ್ರೀ' ಸೇರಲಿ. ಯಾವ ಸಾಲಿನಿಂದ ಯಾವ ಸಾಲಿನವರೆಗೆ ಎಂದೂ ಹೇಳಬೇಕಿತ್ತು.

ಹೇಳಲಿಲ್ಲ.

ರೆಪ್ಪೆ ಬಡಿಯುವುದರೊಳಗೆ ಇಡೀ ಪತ್ರಿಕೆಗೆ ಮದುವೆಯಾಯಿತು! ಮೇಲುಗಡೆ 'ಶ್ರೀಮತಿ ಮತ್ತು ಶ್ರೀ ಶ್ರೀ ಗಣೇಶಾಯ ನಮಃ'. ಅದರ ಕೆಳಗೆ ದಿವ್ಯ ಸಾನ್ನಿಧ್ಯ ವಹಿಸಲಿದ್ದ ನಮ್ಮ ಮಠದ ಸನ್ಯಾಸಿಗಳು, 'ಶ್ರೀಮತಿ ಮತ್ತು ಶ್ರೀ ಪರಮಪೂಜ್ಯ ಸ್ವಾಮಿಗಳು'. ಅದಕ್ಕೂ ಕೆಳಗೆ 'ಶ್ರೀಮತಿ ಮತ್ತು ಶ್ರೀ ಮಧ್ಯಾಹ್ನ ಹನ್ನೆರಡಕ್ಕೆ ಭೋಜನ'.

ಅಪ್ಪ ಎರಡೂ ಕೈಯಿಂದ ಕೆನ್ನೆ ಕೆನ್ನೆ ಬಡಿದುಕೊಂಡರು. "ಶಿವ ಶಿವಾ! ಸ್ವಾಮಿಗಳಿಗೆ ಸಂಸಾರ ಕಟ್ಟಿದ್ಯಲ್ಲೇ!"

ಆಂಟಿಯವರ ಕಣ್ಣು ಮಾತ್ರ ಬೇರೊಂದು ಸಾಲಿನಲ್ಲಿ ನೆಟ್ಟಿತ್ತು. 'ಶ್ರೀಮತಿ ಮತ್ತು ಶ್ರೀ ಚಿ|| ರಾ|| ಪ್ರಮೋದ್.'

"ನನ್ನ ಮಗನಿಗೆ ಆಗ್ಲೇ ಶ್ರೀಮತಿ ಇದಾಳಾ?"

"ಇದ್ರೆ ಪತ್ರಿಕೆ ಖರ್ಚು ಉಳೀತು ಬಿಡೇ," ಎಂದು ಪ್ರಮೋದ್ ಅವರ ತಂದೆ ಕಾಫಿ ಹೀರಿದರು.

ನಾನು ಗಾಬರಿಯಲ್ಲಿ, ಮೊದಲು ಸ್ವಾಮಿಗಳನ್ನಾದರೂ ಪಾರುಮಾಡೋಣವೆಂದು ಬರೆಯುವ ಸ್ಥಿತಿಗೆ ಹೋಗಿ ಆ ಸಾಲನ್ನು ಅಳಿಸತೊಡಗಿದೆ. ಆಗ ನೆನಪಾಯಿತು: ಒಂದೇ ಅಕ್ಷರ ಒತ್ತಿದರೆ ಮಾಡಿದ್ದೆಲ್ಲ ಹಿಂದಕ್ಕೆ ಹೋಗುತ್ತದೆಯಲ್ಲ! ಅದಕ್ಕಾಗಿ ಆಜ್ಞೆಯ ಸ್ಥಿತಿಗೆ ಬರಬೇಕು. ಎಸ್ಕೇಪ್ ಒತ್ತಿದೆ. ಅರಿಶಿನ ಒಳಗಿಳಿದು ಕೀಲಿ ಕಚ್ಚಿಕೊಂಡಿತ್ತು. ಅದು ನನಗೆ ತಿಳಿಯಲಿಲ್ಲ. ಹಿಂದಕ್ಕೆ ಕರೆಯುವ ಅಕ್ಷರವನ್ನು, ಅಂದರೆ ಇಂಗ್ಲಿಷಿನ 'ಯು'ವನ್ನು, ಭದ್ರವಾಗಿ ಒತ್ತಿ ಹಿಡಿದೆ. ಬರೆಯುವ ಸ್ಥಿತಿಯಲ್ಲೇ ಇದ್ದ ಎಡಿಟರ್, ಕನ್ನಡದ ಕೀಬೋರ್ಡಿನಲ್ಲಿ ಅದನ್ನು ವಿಧೇಯವಾಗಿ ಬರೆಯಿತು. 'ಪರಮಪೂಜ್ಯ ಉಉಉಉಉ.'

"ಸ್ವಾಮಿಗಳು ಅಳ್ತಾ ಇದಾರೇನಮ್ಮ?" ಎಂದರು ಪ್ರಮೋದ್ ಅವರ ತಂದೆ.

ಅಮ್ಮನ ತಲೆಯಿಂದ ಹೇರ್‌ಪಿನ್ ಕಿತ್ತುಕೊಂಡು ಕೀಲಿಯ ಸುತ್ತಲಿನ ಅರಿಶಿನವನ್ನು ಕೆರೆದು ತೆಗೆದೆ. ಎಸ್ಕೇಪ್ ಟಕ್ ಎಂದಿತು. ಅದೇ ಅಕ್ಷರವನ್ನು ಮತ್ತೆ ಮತ್ತೆ ಒತ್ತುತ್ತ ಬಂದೆ. ಗಣೇಶನೂ, ಸ್ವಾಮಿಗಳೂ, ಪ್ರಮೋದರೂ ಕ್ರಮವಾಗಿ ಬ್ರಹ್ಮಚರ್ಯಕ್ಕೆ ಮರಳಿದರು. ಈ ಬಾರಿ ಬಯಸುವವರ ಸಾಲುಗಳಿಗೆ ಮಾತ್ರ ಆಜ್ಞೆ ಕೊಟ್ಟೆ. ಅಚ್ಚುಕಟ್ಟಾಗಿ ಆಯಿತು.

"ನೋಡಿದ್ರಾ ಶಕ್ತಿ!" ಎಂದು ಪ್ರಮೋದರತ್ತ ತಿರುಗಿದೆ. "ಎಷ್ಟೇ ಕೆಡಲಿ, ಎಲ್ಲ ವಾಪಸ್ ತರಬಹುದು."

"ನೋಡಿದೆ," ಎಂದರು ಅವರು. ಪಾಪ, ಒಳ್ಳೆಯವರು.

ಇಷ್ಟಕ್ಕೆ ನಿಂತಿದ್ದರೆ ಈ ಬರಹದ ಅಗತ್ಯವಿರುತ್ತಿರಲಿಲ್ಲ. ಅಷ್ಟರಲ್ಲಿ ಸೋಫಾದ ತುದಿಯಲ್ಲಿ ಕನ್ನಡಕ ಸರಿಮಾಡಿಕೊಳ್ಳುತ್ತಿದ್ದ ಶಿವಲಿಂಗಪ್ಪ ಮಾವ ಕೇಳಿದರು.

"ಸಹನಾ, ನನ್ನ ಹೆಸರು ಎಲ್ಲಿ ಬಂತಮ್ಮ?"

"ಕೆಳಗಡೆ ಇದೆ ಮಾವ."

ಅಮ್ಮ ನನ್ನನ್ನು ನೋಡಿದ ನೋಟವನ್ನು ನಾನು ಇಲ್ಲಿ ವರ್ಣಿಸಲಾರೆ.

"ಕೆಳಗಡೆನಾ?"

"ಅಕಾರಾದಿ ಮಾವ. ಅ, ಆ, ಇ... ಶ ಕೊನೇಲಿ ಬರುತ್ತೆ."

"ಇದೇನು ಸ್ಕೂಲ್ ಹಾಜರಿನಾ? ಆಯ್ತು ಬಿಡಮ್ಮ. ಓದಿದೋರು ನೀವು. ನಮ್ಮಪ್ಪ ಅನಂತಪ್ಪ ಅಂತ ಹೆಸರಿಡ್ಬೇಕಿತ್ತು."

"ಇಲ್ಲ ಮಾವ, ಒಂದೇ ನಿಮಿಷ! ಮೊದಲನೇ ಸಾಲಿಗೆ ತರ್ತೀನಿ."

ಪ್ರಮೋದ್ ಮತ್ತೆ ಬಗ್ಗಿದರು. "ಸಹನಾ, ನನ್ನದ್ರಲ್ಲಿ ಆ ಸಾಲನ್ನ ಹಿಡ್ಕೊಂಡು ಮೇಲಕ್ಕೆ ಎಳೆದ್ರೆ ಸಾಕು. ಹೋಗ್ತಾ ಇರೋದು ಎಲ್ಲರಿಗೂ ಕಾಣುತ್ತೆ."

"ಎಳೆಯೋಕೆ ಮಾವ ಏನು ತಳ್ಳುಗಾಡಿನಾ? ನೀವು ಸುಮ್ನಿರಿ."

ಅವರ ಮಾತಿನಲ್ಲಿ 'ಕಾಣುತ್ತೆ' ಎಂಬುದೇ ಮುಖ್ಯವೆಂದು ನನಗೆ ಹೊಳೆಯಲಿಲ್ಲ. ನನ್ನ ಎಡಿಟರ್‌ನಲ್ಲಿ ಒಂದು ಸಾಲನ್ನು ಬೇರೆಡೆಗೆ ಒಯ್ಯಬೇಕಾದರೆ ಮೊದಲು ಅದನ್ನು ಕತ್ತರಿಸಬೇಕು. ಕತ್ತರಿಸಿದ್ದು ಕಣ್ಣಿಗೆ ಕಾಣದ ಒಂದು ಜಾಗದಲ್ಲಿ ಕುಳಿತಿರುತ್ತದೆ. ಆಮೇಲೆ ಬೇಕಾದ ಕಡೆ ಅಂಟಿಸಬೇಕು. ನಾನು ಮಾವನ ಸಾಲಿನ ಮೇಲೆ ನಿಂತು ಕತ್ತರಿಸುವ ಅಕ್ಷರವನ್ನು ಎರಡು ಬಾರಿ ಒತ್ತಿದೆ.

ದೊಡ್ಡ ಟಿ.ವಿ.ಯಲ್ಲಿ, ಬಂಧುಬಳಗದ ಸಮಕ್ಷಮದಲ್ಲಿ, ಶಿವಲಿಂಗಪ್ಪ ಮಾವ ಮಾಯವಾದರು.

"ತೆಗೆದೇಬಿಟ್ಯಾ?" ಎಂದರು ಮಾವ.

"ಇಲ್ಲ ಮಾವ, ಇದೀರಿ! ಕಾಣಲ್ಲ ಅಷ್ಟೇ."

"ಎಲ್ಲಿದೀನಿ?"

"ಅದು ನಿಮ್ಮನ್ನ ನೆನಪಲ್ಲಿ ಇಟ್ಕೊಂಡಿದೆ."

"ನೆನಪಲ್ಲಿ ಇಟ್ಕೊಳ್ಳೋದು ಹೋದೋರನ್ನ ಅಲ್ವೇನಮ್ಮ?"

ಪರಿಸ್ಥಿತಿಯನ್ನು ತಿಳಿಗೊಳಿಸಲು ಅಮ್ಮ ನಡುವೆ ಬಂದರು. "ಅಣ್ಣಾ, ಒಂದ್ನಿಮಿಷ ಇರು, ಬಂದ್ಬಿಡುತ್ತೆ. ಸಹನಾ, ಅಂದ ಹಾಗೆ ನಿನ್ನ ಹೆಸರಿಗೆ ಬಿ.ಇ. ಅಂತ ಹಾಕಿದೀಯಾ?"

"ಹಾಕಿದೀನಮ್ಮ."

"ಅದು ತಾತನ ಹೆಸರಿನ ಕೆಳಗೆ ಬರ್ಲಿ," ಎಂದರು ಅಪ್ಪ. "ಅವರ ಮೊಮ್ಮಗಳು ಅಂತ ಓದಿದ ತಕ್ಷಣ ನಿನ್ನ ಹೆಸರೂ ಡಿಗ್ರಿನೂ ಬರ್ಬೇಕು. ನಮ್ಮ ಮನೇಲಿ ಮೊದಲನೇ ಡಿಗ್ರಿ ಅಲ್ವಾ."

ಅಪ್ಪ ಇಂಥ ಮಾತನ್ನು ನಾಲ್ಕು ಜನರ ಮುಂದೆ ಹೇಳಿದವರಲ್ಲ. ಕಣ್ಣು ಮಂಜಾಯಿತು. ಆ ಮಂಜಿನಲ್ಲೇ ನನ್ನ ಹೆಸರಿನ ಸಾಲನ್ನೂ ಕತ್ತರಿಸಿದೆ. ಅಷ್ಟರಲ್ಲಿ ಮಾವ ಕೆಮ್ಮಿದರು. ಮೊದಲು ಮಾವ, ಆಮೇಲೆ ನಾನು ಎಂದು ನಿಶ್ಚಯಿಸಿ, ಬಯಸುವವರ ಮೊದಲ ಸಾಲಿಗೆ ಹೋಗಿ, ಅಂಟಿಸಿದೆ.

ಎಡಿಟರ್ ಕೊನೆಯದಾಗಿ ಕತ್ತರಿಸಿದ್ದನ್ನೇ ಮೊದಲು ಕೊಡುತ್ತದೆ. ಇದು ನನಗೆ ಗೊತ್ತಿರುವ ವಿಷಯ. ಕಚೇರಿಯಲ್ಲಿ ಹೊಸಬರಿಗೆ ನಾನೇ ಹೇಳಿಕೊಡುವ ವಿಷಯ!

ಮಾವ ಇರಬೇಕಾದಲ್ಲಿ ಟಿ.ವಿ.ಯ ಮೇಲೆ ಮೂಡಿದ್ದು: 'ಚಿ|| ಸೌ|| ಸಹನಾ, ಬಿ.ಇ.'

"ಓಹೋ," ಎಂದರು ಮಾವ, ಬಹಳ ಮೆಲ್ಲಗೆ. "ನನ್ನ ಜಾಗದಲ್ಲಿ ನೀನೇ ಕೂತ್ಕೊಂಡ್ಯಾ. ಕೂತ್ಕೋಮ್ಮ, ಕೂತ್ಕೋ. ಡಿಗ್ರಿ ಬೇರೆ ಇದೆ." ಎದ್ದು, ಶಲ್ಯ ಕೊಡವಿ, ಬಾಗಿಲ ಕಡೆ ನಡೆದೇಬಿಟ್ಟರು.

"ಅಣ್ಣಾ!" ಎಂದು ಅಮ್ಮ ಹಿಂದೆ ಓಡಿದರು. ಬಾಗಿಲಲ್ಲಿ ಅಷ್ಟೂ ಬಂಧುಗಳ ಚಪ್ಪಲಿಗಳ ರಾಶಿಯಿತ್ತು. ಮಾವನಿಗೆ ಬಲಗಾಲಿನದು ಸಿಕ್ಕಿತು. ಎಡಗಾಲಿನದು ಸಿಗಲಿಲ್ಲ. ನನ್ನ ಮದುವೆ ಆ ಎಡಗಾಲಿನ ಚಪ್ಪಲಿಯ ಮೇಲೆ ನಿಂತಿತ್ತು.

"ಕೊಡು ಇಲ್ಲಿ, ನಾನೇ ಅವರ ಹೆಸರು ಟೈಪ್ ಮಾಡ್ತೀನಿ," ಎಂದು ಪ್ರಮೋದ್ ಕೈಚಾಚಿದರು. ಅದು ಅತ್ಯಂತ ಸುಲಭದ, ಅತ್ಯಂತ ಸರಿಯಾದ ಉಪಾಯ. ಆದಕಾರಣವೇ ನನಗೆ ಹಿಡಿಸಲಿಲ್ಲ!

"ಬೇಡ. ಹಿಂದೆ ಕತ್ತರಿಸಿದ್ದೆಲ್ಲ ಇದರಲ್ಲಿ ಇರುತ್ತೆ. ಮಾವನನ್ನ ನಾನೇ ಕಳ್ಕೊಂಡೆ, ನಾನೇ ತರ್ತೀನಿ."

ನನ್ನ ಹೆಸರನ್ನು ಮಾವನ ಜಾಗದಿಂದ ಕಿತ್ತೆಸೆದೆ. ಈಗ ಕೊನೆಯಿಂದ ಹಿಂದಕ್ಕೆ ಎಣಿಸಿದರೆ ಮೂರನೆಯ ಕತ್ತರಿಕೆ ಮಾವ. 'ಮೂರನೆಯದನ್ನು ತಾ' ಎನ್ನಬೇಕು. ಅವಸರದಲ್ಲಿ ಅಂಕಿ ಇರಬಾರದ ಜಾಗದಲ್ಲೂ ಅಂಕಿ ಒತ್ತಿ, 'ಮೂರನೆಯದನ್ನು ಮೂವತ್ತು ಬಾರಿ ತಾ' ಎಂದುಬಿಟ್ಟೆ.

ತಂದಿತು.

ಟಿ.ವಿ.ಯ ಮೇಲಿನಿಂದ ಕೆಳಗಿನವರೆಗೆ, ಬೇರೆ ಒಂದಕ್ಷರವೂ ಕಾಣದಂತೆ, ಮಾವ! ಪ್ರಮೋದ್ ಅವರ ತಂದೆ ಅಷ್ಟೋತ್ತರ ಓದುವ ಧಾಟಿಯಲ್ಲಿ ಗಟ್ಟಿಯಾಗಿ ಓದತೊಡಗಿದರು. "ಶ್ರೀಮತಿ ಮತ್ತು ಶ್ರೀ ಶಿವಲಿಂಗಪ್ಪ, ಮಡಿವಾಳ. ಶ್ರೀಮತಿ ಮತ್ತು ಶ್ರೀ ಶಿವಲಿಂಗ... ಮತ್ತೆ ಶಿವಲಿಂಗಪ್ಪ... ಮತ್ತೆ..."

ಒಂದೇ ಚಪ್ಪಲಿಯಲ್ಲಿ ನಿಂತಿದ್ದ ಮಾವ ತಿರುಗಿದರು. ಕನ್ನಡಕ ಏರಿಸಿದರು. ಬಹಳ ಹೊತ್ತು ಓದಿದರು. ಎಲ್ಲ ಸಾಲುಗಳನ್ನೂ ಓದಿದರೆಂದು ಕಾಣುತ್ತದೆ.

"ಇಷ್ಟೊಂದು ಬೇಡಮ್ಮ," ಎಂದರು. ದನಿ ಹಿಟ್ಟಿನಂತೆ ಮೆತ್ತಗಾಗಿತ್ತು. "ಒಂದು ಸಾಕು. ಮೊದಲನೇದು ಇರ್ಲಿ."

ಚಪ್ಪಲಿ ಬಿಟ್ಟು ಒಳಗೆ ಬಂದು ಕುಳಿತರು. ಅಮ್ಮ ಅವರಿಗೆ ಎರಡನೆಯ ಬಾರಿ ಕೇಸರಿಬಾತ್ ಬಡಿಸಿದರು.

ಮೊದಲನೆಯದನ್ನು ಉಳಿಸಿ, ಉಳಿದ ಮಾವಂದಿರನ್ನೆಲ್ಲ ಒಂದೇ ಆಜ್ಞೆಯಲ್ಲಿ ಅಳಿಸಿದೆ. ಈ ಬಾರಿ ಯಾರೂ ಬೇಸರಿಸಲಿಲ್ಲ.

"ಅದು ಕೈತಪ್ಪಿ ಒತ್ತಿದ್ದಲ್ವಾ?" ಎಂದು ಪ್ರಮೋದ್ ಕಿವಿಯಲ್ಲಿ ಕೇಳಿದರು.

"ನಿನ್ನ ಮೌಸ್‌ನಿಂದ ಅಷ್ಟು ಮಾವಂದಿರನ್ನ ಎಳೆದು ತಂದು ತೋರಿಸು, ಆಮೇಲೆ ಮಾತಾಡು," ಎಂದೆ. ಎಲ್ಲರ ಎದುರಿಗೆ 'ನೀನು' ಎಂದಿದ್ದೆ. ಜಯದ ಅಮಲು!

ಎರಡೂ ಕಡೆಯವರು ಟಿ.ವಿ.ಯ ಹತ್ತಿರ ಬಂದು ಪತ್ರಿಕೆಯನ್ನು ಪರಿಶೀಲಿಸಿದರು. ಒಬ್ಬೊಬ್ಬರೂ 'ಸರಿಯಾಗಿದೆ' ಎಂದು ತಲೆಯಾಡಿಸಿದರು. ನಾನೂ ಮಾವನ ಸಾಲನ್ನು ಮತ್ತೆ ಮತ್ತೆ ಓದಿ ಖಚಿತಪಡಿಸಿಕೊಂಡೆ. ಸಂಜೆಗೆ ಮೊದಲೇ ಪ್ರೆಸ್ಸಿಗೆ ಕಳಿಸಿದ್ದಾಯಿತು.

ಪತ್ರಿಕೆಗಳು ಅಚ್ಚಾಗಿ ಬಂದವು. ಮೊದಲ ಪತ್ರಿಕೆ ಸೋದರಮಾವನಿಗೇ ಸಲ್ಲಬೇಕೆಂದು ಅಮ್ಮ ಹೇಳಿದ್ದರಿಂದ, ಕಟ್ಟು ಬಿಚ್ಚಿ, ಮೇಲಿನದೊಂದನ್ನು ತೆಗೆದು, ಮಡಿಸಿದಂತೆಯೇ ಅರಿಶಿನ ಹಚ್ಚಿ, ಪ್ರಮೋದ್ ಅವರನ್ನು ಕರೆದುಕೊಂಡು ಮಡಿವಾಳಕ್ಕೆ ಹೋದೆ. ಮಾವ ಗಿರಾಕಿಗಳನ್ನು ಕೂರಿಸಿ, ಪತ್ರಿಕೆಯನ್ನು ಕಣ್ಣಿಗೊತ್ತಿಕೊಂಡು ತೆರೆದರು. ನಾನು ಅವರ ಹೆಗಲ ಮೇಲಿನಿಂದ ಮೊದಲ ಬಾರಿಗೆ ಅದನ್ನು ಪೂರ್ತಿಯಾಗಿ ಓದಿದೆ.

ದಿವಂಗತ ತಾತನವರ ಮೊಮ್ಮಗಳು ಎಂದಿತ್ತು. ಅದರ ಕೆಳಗೆ, 'ಎಂಬುವಳ ವಿವಾಹವನ್ನು ಚಿ|| ರಾ|| ಪ್ರಮೋದ್ ಅವರೊಂದಿಗೆ' ಎಂದಿತ್ತು.

ನಡುವೆ ಯಾರೂ ಇರಲಿಲ್ಲ!

ಗಣೇಶನಿದ್ದ. ಸ್ವಾಮಿಗಳಿದ್ದರು. ಭೋಜನದ ವೇಳೆಯಿತ್ತು. ಅಷ್ಟೂ ಬಂಧುಗಳು ತಮ್ಮ ತಮ್ಮ ಹೆಸರನ್ನಷ್ಟೇ ಪರಿಶೀಲಿಸಿದ್ದರು. ಹಿಂಬದಿಗೆ ಸರಿದು ಪ್ರೆಸ್ಸಿಗೆ ಫೋನ್ ಮಾಡಿದೆ.

"ನೀವು ಕಳಿಸಿದ್ದನ್ನೇ ಹಾಕಿದೀವಿ ಮೇಡಂ," ಎಂದರು ಅವರು. "ಹುಡುಗಿ ಹೆಸರು ಸಸ್ಪೆನ್ಸ್ ಇಡೋದು ಈಗಿನ ಫ್ಯಾಷನ್ ಏನೋ ಅಂದ್ಕೊಂಡೆ."

ಪ್ರಮೋದ್ ನನ್ನನ್ನೇ ನೋಡುತ್ತಿದ್ದರು. "ಹಾಗಾದ್ರೆ ನೀನು ಇನ್ನೂ ಅದರ ನೆನಪಲ್ಲೇ ಇದೀಯಾ?"

"ಸೋಮವಾರ ಆಫೀಸ್ ಕೆಲಸದಲ್ಲಿ ಹೊಸದಾಗಿ ಏನೇನೋ ಕತ್ತರಿಸಿದೆ, ಹಳೇದೆಲ್ಲ ಅಳಿಸಿಹೋಯ್ತು. ಈಗ ಅಲ್ಲೂ ಇಲ್ಲ."

"ನನ್ನದ್ರಲ್ಲಿ ಮಾಡಿದ್ರೆ..."

"ನಿನ್ನದ್ರಲ್ಲಿ ಮಾಡಿದ್ರೆ ನಾನಿರ್ತಿದ್ದೆ, ಮಾವ ಇರ್ತಿರ್ಲಿಲ್ಲ!" ಎಂದೆ. ಈ ನಿಲುವಿನಿಂದ ನಾನು ಇಂದಿಗೂ ಸರಿದಿಲ್ಲ. ಎಡಿಟರ್ ಬದಲಿಸುವುದೂ ಇಲ್ಲ. ಮಿಕ್ಕ ಪತ್ರಿಕೆಗಳಿಗೆಲ್ಲ ಕೈಯಿಂದಲೇ ನನ್ನ ಹೆಸರು ಬರೆದರಾಯಿತು, ಡಿಗ್ರಿ ಸಮೇತ. ತಪ್ಪು ಸಾಧನದ್ದಲ್ಲ, ಬಳಸಿದವಳದ್ದು. ಅಂಥವಳನ್ನೂ ಈ ಮಾವ ಮಂಟಪಕ್ಕೆ ಕರೆದೊಯ್ಯಬೇಕಲ್ಲ! ಪತ್ರಿಕೆಯನ್ನು ಹಿಂದಕ್ಕೆ ಪಡೆದು, ಕ್ಷಮೆ ಕೇಳಿ, ನನ್ನ ಹೆಸರು ಬರೆದುಕೊಡೋಣವೆಂದು ಪೆನ್ನು ತೆಗೆದು ಮಾವನ ಮುಂದೆ ಹೋಗಿ ನಿಂತೆ.

ಮಾವ ಬೆರಳಿಟ್ಟು ಕೊನೆಯ ಸಾಲಿನವರೆಗೂ ಓದಿ, ಕನ್ನಡಕ ತೆಗೆದು, ತೃಪ್ತಿಯಿಂದ ನನ್ನ ತಲೆ ಸವರಿದರು.

"ಒಂದು ತಪ್ಪೂ ಇಲ್ಲ ಕಣಮ್ಮ."